ಒಂದು ನಿಮಿಷ ಇರಿ, ಕೇಳಿ ಹೇಳ್ತೀನಿ

(ನಮ್ಮ ಗುರುವಾರ ಸಂಜೆಯ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಪಾಠ. ಅಂದು ಸಮಯ ಸಾಲದೆ ಬಿಟ್ಟುಹೋದ ಕೆಲವು ಸಾಲುಗಳನ್ನೂ ಇಲ್ಲಿ ಸೇರಿಸಿದೆ.)



ಹೋದ ಮಳೆಗಾಲದಲ್ಲಿ ನಮ್ಮ ಈ ಅರ್ಧ ಗಂಟೆಯ ಕಾರ್ಯಕ್ರಮ ಹದಿನೈದು ನಿಮಿಷಕ್ಕೆ ಇಳಿಯುವುದರಲ್ಲಿತ್ತು. ಆಗ ನಿಮಗೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಮೇಲಿನವರು ಕರೆದು ಕೇಳಿದ್ದು ಇಷ್ಟೇ: “ಈ ಊರಿನಲ್ಲಿ ಕನ್ನಡ ಕಾರ್ಯಕ್ರಮಕ್ಕೆ ಬರೆಯುವವರು ಎಷ್ಟು ಜನ, ಎಲ್ಲೆಲ್ಲಿಂದ ಬರೆಯುತ್ತಾರೆ? ಸೋಮವಾರ ಬೆಳಿಗ್ಗೆ ಒಂದು ಪುಟದಲ್ಲಿ ಲೆಕ್ಕ ಕೊಡಿ.” ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಲೆಕ್ಕ ನಮ್ಮ ಹತ್ತಿರವೇ ಇತ್ತು ಕೂಡ. ಠಾಣೆಯ ಒಬ್ಬ ನಿವೃತ್ತ ಬ್ಯಾಂಕ್ ದಂಪತಿ ಎರಡು ವರ್ಷ ಕೂತು, ನೀವು ಬರೆದ ಕಾರ್ಡು, ಕವರು, ಇ-ಮೇಲುಗಳನ್ನೆಲ್ಲ ಒಂದೊಂದು ಸಾಲಿನಂತೆ ಕಂಪ್ಯೂಟರಿಗೆ ಏರಿಸಿಕೊಟ್ಟಿದ್ದರು: ತಾರೀಖು, ಊರು, ಕೇಳಿದ ಹಾಡು. ಸುಮಾರು ಹನ್ನೆರಡು ಸಾವಿರ ಸಾಲು.

ಎಣಿಸುವುದಕ್ಕೇನು, ಎಕ್ಸೆಲ್‌ನಲ್ಲಿ ಎರಡು ನಿಮಿಷದ ಕೆಲಸ ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನೀವು ಡೊಂಬಿವಲಿಯನ್ನು ಎಷ್ಟು ಬಗೆಯಲ್ಲಿ ಬರೆಯುತ್ತೀರಿ ಗೊತ್ತೆ? ಡೊಂಬಿವಲಿ, ಡೊಂಬಿವ್ಲಿ, ಡೋಂಬಿವಿಲಿ, ಡೊಂಬಿವಲಿ ಪೂರ್ವ, ಡೊಂಬಿವಲಿ ಈಸ್ಟ್ ಸ್ಟೇಷನ್ ಹತ್ತಿರ. ಇವೆಲ್ಲ ಒಂದೇ ಊರು ಅಂತ ಕಂಪ್ಯೂಟರಿಗೆ ಯಾರಾದರೂ ತಿಳಿಸಿ ಹೇಳಬೇಕಲ್ಲ. ಅದಕ್ಕೆ ನನ್ನ ತಂಗಿಯ ಮಗ ಒಂದು ಚಿಕ್ಕ ಪ್ರೋಗ್ರಾಮು ಬರೆದುಕೊಟ್ಟಿದ್ದ. ಹೈದರಾಬಾದಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ, ಆಗಷ್ಟೇ ಸ್ಕಾಲಾ ಎಂಬ ಭಾಷೆ ಕಲಿತ ಉತ್ಸಾಹ. ಇನ್ನೂರು ಸಾಲಿನ ಮೇಲೆ ಓಡಿಸಿ ತೋರಿಸಿ, “ದೊಡ್ಡಮ್ಮ, ನೋಡು, ಎಷ್ಟು ಚೆಂದ, ಇಡೀ ಪ್ರೋಗ್ರಾಮಿನಲ್ಲಿ ಒಂದೂ ಲೂಪ್ ಇಲ್ಲ” ಎಂದು ಹೆಮ್ಮೆಪಟ್ಟಿದ್ದ. ಲೂಪ್ ಇಲ್ಲದ್ದು ಯಾಕೆ ಚೆಂದ ಅನ್ನುವುದು ನನಗೆ ಆಗ ತಿಳಿಯಲಿಲ್ಲ.

ಶನಿವಾರ ರಾತ್ರಿ ಒಂಬತ್ತೂವರೆಗೆ ಹನ್ನೆರಡು ಸಾವಿರ ಸಾಲನ್ನೂ ಕೊಟ್ಟು ಓಡಿಸಿದೆ. ಪರದೆ ತುಂಬ ಒಂದೇ ಸಾಲು ನೂರಾರು ಸಲ ಬಂದು ನಿಂತಿತು. ಎಲ್ಲಕ್ಕಿಂತ ಮೇಲೆ ಮೂರು ಪದ: ಸ್ಟ್ಯಾಕ್ ಓವರ್‌ಫ್ಲೋ ಎರರ್.

ಫೋನ್ ಮಾಡಿದೆ. ಅವನು ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಪೊವಾಯಿ, ಐರೋಲಿ, ಹಿಂಜೇವಾಡಿಯ ಆಫೀಸುಗಳಲ್ಲಿ ಇದೇ ಕಸುಬು ಮಾಡುವ ಕೇಳುಗರು ನಮ್ಮಲ್ಲಿ ಬಹಳ ಜನ ಇದ್ದೀರಿ. ಕನ್ನಡ ಬಿ.ಎ. ಓದಿದವಳ ಬಾಯಲ್ಲಿ ನಿಮ್ಮ ವಿದ್ಯೆ ಹೇಗೆ ಕೇಳುತ್ತದೆ, ನೋಡಿ.

ಒಂದು ಟಿಕೆಟ್ ಕಿಟಕಿಯ ಮುಂದೆ ಉದ್ದನೆಯ ಸಾಲು. ನೀವು ಕಟ್ಟಕಡೆಯವರು. ಸಾಲು ಮೂಲೆ ತಿರುಗಿ ಹೋಗಿದೆ, ಮುಂದೆ ಎಷ್ಟು ಜನ ಅಂತ ಕಾಣುವುದಿಲ್ಲ. ಮುಂದಿನವರ ಭುಜ ಮುಟ್ಟಿ ಕೇಳುತ್ತೀರಿ: “ನಿಮ್ಮಿಂದ ಕಿಟಕಿಯವರೆಗೆ ಎಷ್ಟು ಜನ ಇದ್ದೀರಿ?” ಅವರಿಗೂ ಗೊತ್ತಿಲ್ಲ. “ಒಂದು ನಿಮಿಷ ಇರಿ, ಕೇಳಿ ಹೇಳ್ತೀನಿ” ಎಂದು ತಮ್ಮ ಮುಂದಿನವರನ್ನು ಅದೇ ಪ್ರಶ್ನೆ ಕೇಳುತ್ತಾರೆ. ಅವರೂ “ಒಂದು ನಿಮಿಷ ಇರಿ.” ಹೀಗೆ ಪ್ರಶ್ನೆ ಮುಂದೆ ಮುಂದೆ ಹೋಗಿ ಕಿಟಕಿಗೆ ಕೈ ಹಾಕಿ ನಿಂತವನನ್ನು ಮುಟ್ಟುತ್ತದೆ. ಅವನ ಮುಂದೆ ಯಾರೂ ಇಲ್ಲ. “ನಾನೊಬ್ಬನೇ, ಒಂದು” ಅನ್ನುತ್ತಾನೆ. ಅವನ ಹಿಂದಿನವನು ಅದಕ್ಕೆ ತನ್ನದೊಂದು ಸೇರಿಸಿ “ಎರಡು”, ಅವನ ಹಿಂದಿನವಳು “ಮೂರು”. ಉತ್ತರ ಬೆಳೆಯುತ್ತ ನಿಮ್ಮವರೆಗೆ ವಾಪಸು ಬರುತ್ತದೆ. ಇಡೀ ಸಾಲನ್ನು ಯಾರೂ ನೋಡಲಿಲ್ಲ, ಆದರೂ ಲೆಕ್ಕ ಸರಿಯಾಗಿ ಸಿಕ್ಕಿತು.

ಇದೇ ರಿಕರ್ಷನ್. ಒಂದು ಕೆಲಸ ತನ್ನನ್ನೇ, ತನಗಿಂತ ಸ್ವಲ್ಪ ಚಿಕ್ಕ ಪ್ರಶ್ನೆಯೊಡನೆ, ಮತ್ತೆ ಕರೆಯುವುದು. ಹುಡುಗನ ಪ್ರೋಗ್ರಾಮಿನ ಜೀವಾಳವೂ ಇಷ್ಟೇ: ಪಟ್ಟಿ ಖಾಲಿಯಾಗಿದ್ದರೆ ಸೊನ್ನೆ, ಇಲ್ಲದಿದ್ದರೆ ಮೊದಲ ಸಾಲಿಗೆ ಒಂದು, ಅದಕ್ಕೆ ಉಳಿದ ಪಟ್ಟಿಯ ಎಣಿಕೆಯನ್ನು ಕೂಡು. ಒಂದೇ ವಾಕ್ಯ. ಓದಿದರೆ ವ್ಯಾಖ್ಯಾನದ ಹಾಗಿದೆ. 1960ರಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯ ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲಿ ಈ ರೀತಿಯನ್ನೇ ಲೆಕ್ಕದ ತಳಹದಿ ಮಾಡಿದರು. ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಪಂಥದವರು ಇದನ್ನು ಇಷ್ಟಪಡಲು ಕಾರಣವೂ ಇದೆ. ಅವರಲ್ಲಿ ಒಂದು ಹೆಸರಿಗೆ ಒಮ್ಮೆ ಒಂದು ಬೆಲೆ ಕೊಟ್ಟರೆ ಮತ್ತೆ ಬದಲಾಯಿಸುವ ಹಾಗಿಲ್ಲ. ಲೂಪ್ ಬರೆಯಬೇಕೆಂದರೆ ಎಣಿಕೆಯ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಅದರೊಳಗಿನ ಸಂಖ್ಯೆಯನ್ನು ತಿದ್ದುತ್ತ ಹೋಗಬೇಕು, ಅದು ಅವರಿಗೆ ವರ್ಜ್ಯ. ಹಾಗಾಗಿ ಬೇರೆಯವರು ಲೂಪ್ ಹಾಕುವ ಕಡೆ ಇವರು ರಿಕರ್ಷನ್ ಹಾಕುತ್ತಾರೆ. ಕಾಯಿಲೆಯೂ ಇವರಿಗೇ ಹೆಚ್ಚು ತಗಲುತ್ತದೆ.

ಕಾಯಿಲೆ ಎಲ್ಲಿದೆ ಅಂತ ಟಿಕೆಟ್ ಸಾಲಿನಲ್ಲೇ ಕಾಣಬಹುದು. ಉತ್ತರ ವಾಪಸು ಬರುವವರೆಗೆ ಒಬ್ಬೊಬ್ಬರೂ ಕಾಯುತ್ತ ನಿಂತಿದ್ದಾರೆ. ಕಾಯುವುದು ಮಾತ್ರವಲ್ಲ, “ಬಂದ ಉತ್ತರಕ್ಕೆ ನನ್ನದೊಂದು ಸೇರಿಸಿ ಹಿಂದಿನವರಿಗೆ ಹೇಳಬೇಕು” ಎಂಬ ಬಾಕಿ ಕೆಲಸವನ್ನು ಪ್ರತಿಯೊಬ್ಬರೂ ನೆನಪಿನಲ್ಲಿ ಇಟ್ಟುಕೊಂಡಿದ್ದಾರೆ. ಹತ್ತು ಜನರಿದ್ದರೆ ಹತ್ತು ಬಾಕಿ. ಹನ್ನೆರಡು ಸಾವಿರ ಇದ್ದರೆ ಹನ್ನೆರಡು ಸಾವಿರ ಬಾಕಿ.

ಕಂಪ್ಯೂಟರು ಈ ಬಾಕಿಗಳನ್ನು ಎಲ್ಲಿ ಇಡುತ್ತದೆ? ಮಾಟುಂಗದ ಹಳೇ ಹೋಟೆಲುಗಳ ಗಲ್ಲೆಯ ಮೇಲೆ ಬಿಲ್ಲು ಚುಚ್ಚುವ ಕಬ್ಬಿಣದ ಕಡ್ಡಿ ನೋಡಿದ್ದೀರಲ್ಲ, ಹಾಗೆ. ಪ್ರತಿ ಕರೆಗೂ ಒಂದು ಚೀಟಿ ಚುಚ್ಚುತ್ತದೆ. ಕೊನೆಗೆ ಚುಚ್ಚಿದ್ದು ಮೊದಲು ಹೊರಗೆ ಬರುತ್ತದೆ. ಆ ಕಡ್ಡಿಯೇ ಸ್ಟ್ಯಾಕ್. ಈ ಉಪಾಯ ಹಳೆಯದು. 1945ರ ಸುಮಾರಿಗೆ ಅಲನ್ ಟ್ಯೂರಿಂಗ್ ತನ್ನ ಯಂತ್ರದ ಯೋಜನೆಯಲ್ಲಿ ಇದಕ್ಕೆ ‘ಹೂಳುವುದು’, ‘ಅಗೆದು ತೆಗೆಯುವುದು’ ಎಂಬ ಅರ್ಥದ ಪದಗಳನ್ನು ಬಳಸಿದ. ಜರ್ಮನಿಯ ಬಾವರ್ ಮತ್ತು ಸಾಮೆಲ್‌ಸನ್ 1957ರಲ್ಲಿ ಇದೇ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದರು, ಅವರು ಕರೆದದ್ದು ‘ಕೆಲರ್’ ಎಂದು. ಹಾಗೆಂದರೆ ನೆಲಮಾಳಿಗೆ. ನನಗೆ ಟ್ಯೂರಿಂಗನ ಹೆಸರೇ ಹೆಚ್ಚು ಹಿಡಿಸಿತು.

ಕಡ್ಡಿಯ ಉದ್ದಕ್ಕೆ ಮಿತಿ ಇದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಂಟು ಜಿಬಿ ನೆನಪು ಇದ್ದರೂ, ಸ್ಕಾಲಾ ಕೂತಿರುವ ಜಾವಾ ಯಂತ್ರ ಒಂದು ಎಳೆಗೆ ಸಾಮಾನ್ಯವಾಗಿ ಕೊಡುವ ಕಡ್ಡಿ ಒಂದು ಎಂಬಿ ಅಷ್ಟೇ. ಗೋದಾಮು ಖಾಲಿ ಬಿದ್ದಿದೆ, ಗಲ್ಲೆಯ ಮೇಲಿನ ಕಡ್ಡಿ ಮಾತ್ರ ತುಂಬಿ ತುದಿ ಮುಟ್ಟಿದೆ. ಚೀಟಿ ಎಷ್ಟು ದಪ್ಪ ಎಂಬುದರ ಮೇಲೆ ಕೆಲವು ಸಾವಿರಕ್ಕೋ ಕೆಲವು ಹತ್ತು ಸಾವಿರಕ್ಕೋ ಕಡ್ಡಿ ತುಂಬುತ್ತದೆ. ಇನ್ನೂರು ಸಾಲಿನ ಪರೀಕ್ಷೆಯಲ್ಲಿ ಇದು ಕಾಣುವುದು ಹೇಗೆ ಸಾಧ್ಯ? ಈ ರೋಗ ಕೆಟ್ಟದ್ದು ಅನ್ನುವುದು ಇದಕ್ಕೇ. ತಪ್ಪು ಲೆಕ್ಕ ಕೊಡುವುದಿಲ್ಲ. ಚಿಕ್ಕ ಪಟ್ಟಿಗೆ ಯಾವಾಗಲೂ ಸರಿಯಾಗಿ ಓಡುತ್ತದೆ, ದೊಡ್ಡದು ಬಂದ ದಿನ ಮಗುಚುತ್ತದೆ. ದೊಡ್ಡದು ಬರುವುದು ಸಾಮಾನ್ಯವಾಗಿ ಗಡುವಿನ ಹಿಂದಿನ ರಾತ್ರಿ.

ಹುಡುಗ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಕಡ್ಡಿಯನ್ನು ಉದ್ದ ಮಾಡಿದ. ಪ್ರೋಗ್ರಾಮು ಶುರು ಮಾಡುವಾಗ ಸ್ಟ್ಯಾಕಿಗೆ ನಾಲ್ಕು ಎಂಬಿ ಕೊಡು ಎಂದು ಒಂದು ಸೂಚನೆ ಸೇರಿಸಿದರೆ ಆಯಿತು. ಓಡಿತು. ಹನ್ನೊಂದು ಗಂಟೆಗೆ ನೆಮ್ಮದಿಯಿಂದ ಮಲಗಿದೆ. ಭಾನುವಾರ ಮಧ್ಯಾಹ್ನ ಇನ್ನೊಂದು ಕಡತದ ನೆನಪಾಯಿತು: ಮೊಬೈಲಿನಿಂದ ನೀವು ಕಳಿಸಿದ ಸಂದೇಶಗಳು, ಎಂಬತ್ತು ಸಾವಿರ. ಎರಡನ್ನೂ ಕೂಡಿಸಿ ಕೊಟ್ಟೆ. ಮತ್ತೆ ಅದೇ ಮೂರು ಪದ. ಕಡ್ಡಿ ಉದ್ದ ಮಾಡುವುದು ತುರ್ತಿಗೆ ಸರಿ. ಆದರೆ ಪಟ್ಟಿ ಬೆಳೆದಂತೆಲ್ಲ ಕಡ್ಡಿಯೂ ಬೆಳೆಯಬೇಕು ಎಂದಾದರೆ ಅದು ಔಷಧಿಯಲ್ಲ.

ಇಲ್ಲಿ ನನ್ನ ಬಿ.ಎ. ಸ್ವಲ್ಪ ಕೆಲಸಕ್ಕೆ ಬಂತು. ಫೋನಿನಲ್ಲಿ ಅವನು “ಕೊನೆಗೆ ಇಟ್ಟಿದ್ದು ಮೊದಲು ತೆಗೆಯೋದು” ಎಂದು ವಿವರಿಸುವಾಗ, ಇದನ್ನು ಎಲ್ಲೋ ಓದಿದ್ದೇನಲ್ಲ ಅನ್ನಿಸಿತು. ಛಂದಸ್ಸಿನ ಪಾಠದಲ್ಲಿ! ಒಂದು ಪಾದದಲ್ಲಿ ಇಂತಿಷ್ಟು ಅಕ್ಷರ ಇದ್ದರೆ ಗುರು ಲಘುಗಳ ಎಷ್ಟು ಬೇರೆ ಬೇರೆ ಜೋಡಣೆ ಸಾಧ್ಯ ಎಂದು ಕಂಡುಹಿಡಿಯಲು ಪಿಂಗಳನ ಛಂದಃಶಾಸ್ತ್ರದಲ್ಲಿ ಒಂದು ವಿಧಾನ ಇದೆ. ಕ್ರಿಸ್ತಪೂರ್ವ ಕಾಲದ ಗ್ರಂಥ. ಅಕ್ಷರಸಂಖ್ಯೆ ಸಮವಾಗಿದ್ದರೆ ಅರ್ಧ ಮಾಡಿ ‘ಎರಡು’ ಎಂದು ಗುರುತು ಹಾಕು, ಬೆಸವಾಗಿದ್ದರೆ ಒಂದು ಕಳೆದು ‘ಸೊನ್ನೆ’ ಎಂದು ಗುರುತು ಹಾಕು, ಸಂಖ್ಯೆ ಮುಗಿಯುವವರೆಗೆ ಹೀಗೇ ಮಾಡು. ಆಮೇಲೆ ಒಂದರಿಂದ ಹೊರಟು, ಹಾಕಿದ ಗುರುತುಗಳನ್ನು ಕೊನೆಯದರಿಂದ ಹಿಂದಕ್ಕೆ ಓದುತ್ತ ಬಾ: ಸೊನ್ನೆ ಸಿಕ್ಕರೆ ಎರಡರಷ್ಟು ಮಾಡು, ಎರಡು ಸಿಕ್ಕರೆ ಅದನ್ನು ಅದರಿಂದಲೇ ಗುಣಿಸು.

ನಮ್ಮ ಉತ್ಪಲಮಾಲಾ ವೃತ್ತವನ್ನೇ ತೆಗೆದುಕೊಳ್ಳಿ, ಪಾದಕ್ಕೆ ಇಪ್ಪತ್ತು ಅಕ್ಷರ. ಇಪ್ಪತ್ತರ ಅರ್ಧ ಹತ್ತು, ಗುರುತು ಎರಡು. ಹತ್ತರ ಅರ್ಧ ಐದು, ಗುರುತು ಎರಡು. ಐದು ಬೆಸ, ಒಂದು ಕಳೆದರೆ ನಾಲ್ಕು, ಗುರುತು ಸೊನ್ನೆ. ನಾಲ್ಕು ಎರಡಾಯಿತು, ಎರಡು ಒಂದಾಯಿತು, ಎರಡು ಸಲವೂ ಗುರುತು ಎರಡು. ಒಂದರಲ್ಲಿ ಒಂದು ಹೋದರೆ ಏನೂ ಇಲ್ಲ, ಗುರುತು ಸೊನ್ನೆ. ಒಟ್ಟು ಆರು ಗುರುತು. ಈಗ ಹಿಂದಕ್ಕೆ: ಒಂದು, ಎರಡು, ನಾಲ್ಕು, ಹದಿನಾರು, ಮೂವತ್ತೆರಡು, ಸಾವಿರದ ಇಪ್ಪತ್ತನಾಲ್ಕು, ಕಡೆಗೆ 10,48,576. ಇಪ್ಪತ್ತು ಅಕ್ಷರದ ಪಾದ ಅಷ್ಟು ವಿಧದಲ್ಲಿ ಸಾಧ್ಯ, ಉತ್ಪಲಮಾಲೆ ಅವುಗಳಲ್ಲಿ ಒಂದು.

ಆ ಗುರುತುಗಳೇ ಕಡ್ಡಿಗೆ ಚುಚ್ಚಿದ ಚೀಟಿಗಳು. ಬಾಕಿ ಇಟ್ಟುಕೊಂಡು ಇಳಿಯುವುದು, ಬಾಕಿ ತೀರಿಸುತ್ತ ಏರುವುದು. ಆದರೆ ಗಮನಿಸಿ, ಇಪ್ಪತ್ತಕ್ಕೆ ಚೀಟಿ ಆರೇ ಆರು. ಪ್ರತಿ ಹೆಜ್ಜೆಗೂ ಒಂದೊಂದೇ ಕಳೆಯುತ್ತ ಹೋಗಿದ್ದರೆ ಇಪ್ಪತ್ತು ಬೇಕಿತ್ತು. ಹೀಗಾಗಿ ರಿಕರ್ಷನ್ ಅಂದರೆ ಸ್ಟ್ಯಾಕ್ ತುಂಬುತ್ತದೆ ಎಂದು ಹೆದರಬೇಕಾಗಿಲ್ಲ. ಪ್ರಶ್ನೆ ಪ್ರತಿ ಸಲ ಅರ್ಧವಾಗುವ ಹಾಗಿದ್ದರೆ ಆಳ ಬೆಳೆಯುವುದೇ ಇಲ್ಲ ಅನ್ನಬಹುದು. ನಮ್ಮ ತೊಂಬತ್ತೆರಡು ಸಾವಿರ ಸಾಲನ್ನು ಇಬ್ಭಾಗ ಮಾಡಿ, ಎರಡನ್ನೂ ಬೇರೆ ಬೇರೆ ಎಣಿಸಿ, ಕೂಡಿಸಿ ಎಂದಿದ್ದರೆ ಹದಿನೇಳು ಮೆಟ್ಟಿಲಿಗಿಂತ ಹೆಚ್ಚು ಇಳಿಯುತ್ತಿರಲಿಲ್ಲ. ಇದನ್ನು ಹುಡುಗನಿಗೆ ಹೇಳಿದಾಗ ಅರ್ಧ ನಿಮಿಷ ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ, “ದೊಡ್ಡಮ್ಮ, ಅದು ಆಗುತ್ತೆ, ಆದರೆ ಇದಕ್ಕೆ ಇನ್ನೂ ಸುಲಭದ ದಾರಿ ಇದೆ” ಎಂದ.

ಆ ಸುಲಭದ ದಾರಿಗೆ ಮತ್ತೆ ಟಿಕೆಟ್ ಸಾಲಿಗೆ ಬನ್ನಿ. ಈ ಸಲ ನೀವು ಪ್ರಶ್ನೆ ಕೇಳುವುದಿಲ್ಲ. ಒಂದು ಕಾಗದದ ಮೇಲೆ ‘ಒಂದು’ ಎಂದು ಬರೆದು ಮುಂದಿನವರ ಕೈಗೆ ಕೊಡುತ್ತೀರಿ. “ನಿಮ್ಮದೊಂದು ಸೇರಿಸಿ ಮುಂದಕ್ಕೆ ಕೊಡಿ. ನನಗೆ ವಾಪಸು ಹೇಳಬೇಕಾಗಿಲ್ಲ. ಕಿಟಕಿಯ ಹತ್ತಿರ ಇರುವವರು ಒಟ್ಟು ಎಷ್ಟಾಯಿತು ಅಂತ ಕೂಗಿಬಿಡಲಿ.” ಅವರು ಅದನ್ನು ‘ಎರಡು’ ಮಾಡಿ ಮುಂದಕ್ಕೆ ಕೊಟ್ಟರು. ಈಗ ನೀವು ಏನು ಮಾಡಬೇಕು? ಏನೂ ಇಲ್ಲ. ಚಹಾ ಕುಡಿಯಲು ಹೋಗಬಹುದು. ಕಾಗದ ಕೊಟ್ಟವರೆಲ್ಲ ಹೋಗಬಹುದು. ಸಾಲು ಎಷ್ಟೇ ಉದ್ದ ಇರಲಿ, ಯಾವ ಕ್ಷಣದಲ್ಲೂ ಕೆಲಸದಲ್ಲಿ ಸಿಕ್ಕಿಕೊಂಡಿರುವವರು ಒಬ್ಬರೇ, ಚೀಟಿಯೂ ಒಂದೇ.

ಉತ್ತರವನ್ನು ಜೊತೆಯಲ್ಲೇ ಹೊತ್ತುಕೊಂಡು ಹೋಗುವ ಆ ಕಾಗದಕ್ಕೆ ಅಕ್ಯುಮುಲೇಟರ್ ಎನ್ನುತ್ತಾರೆ. ಒಂದು ಕೆಲಸ ಮಾಡುವ ಕಟ್ಟಕಡೆಯ ಕ್ರಿಯೆಯೇ ಇನ್ನೊಂದು ಕರೆಯಾಗಿದ್ದು, ಅದು ಮುಗಿದ ಮೇಲೆ ಇವರಿಗೆ ಮಾಡಲು ಏನೂ ಉಳಿದಿಲ್ಲ ಎಂದಾದರೆ ಅದು ಟೇಲ್ ಕಾಲ್, ಬಾಲದ ಕರೆ. ಬಾಕಿ ಇಲ್ಲದ ಮೇಲೆ ಚೀಟಿ ಯಾಕೆ? ಜಾಣ ಕಂಪೈಲರು ಹೊಸ ಚೀಟಿ ಚುಚ್ಚದೆ ಹಳೆಯದನ್ನೇ ಅಳಿಸಿ ಬರೆಯುತ್ತದೆ. ಬರೆದವನ ಕಣ್ಣಿಗೆ ಅದು ರಿಕರ್ಷನ್, ಒಳಗೆ ಓಡುವುದು ಶುದ್ಧ ಲೂಪ್. ಹುಡುಗನ ಹೆಮ್ಮೆಯ ಗುಟ್ಟು ನನಗೆ ತಿಳಿದದ್ದು ಇಲ್ಲಿ.

1975ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್ ಸ್ಕೀಮ್ ಎಂಬ ಭಾಷೆ ಕಟ್ಟಿದರು. ಫಂಕ್ಷನ್ ಕರೆಯುವುದು ದುಬಾರಿ ಎಂಬುದು ಬರೀ ಮೂಢನಂಬಿಕೆ, ಸರಿಯಾಗಿ ಅಳವಡಿಸಿದರೆ ಅದು ಸಾಮಾನು ಹೊತ್ತುಕೊಂಡು ಮಾಡುವ ನೆಗೆತ ಅಷ್ಟೇ ಎಂದು ಸ್ಟೀಲ್ 1977ರಲ್ಲಿ ಒಂದು ಪ್ರಬಂಧದಲ್ಲಿ ವಾದಿಸಿದರು. ಬಾಲದ ಕರೆ ಸ್ಟ್ಯಾಕನ್ನು ಬೆಳೆಸಕೂಡದು ಎನ್ನುವುದು ಸ್ಕೀಮ್ ಭಾಷೆಯ ನಿಯಮದಲ್ಲೇ ಬರೆದಿದೆ. ಎರಿಕ್ಸನ್ ಕಂಪನಿಯವರು ಟೆಲಿಫೋನ್ ಎಕ್ಸ್‌ಚೇಂಜುಗಳಿಗೆಂದು 1980ರ ದಶಕದಲ್ಲಿ ಕಟ್ಟಿದ ಅರ್ಲಾಂಗ್ ಇದನ್ನೇ ನಂಬಿ ನಿಂತಿದೆ. ಅಲ್ಲಿ ಒಂದು ಪ್ರಕ್ರಿಯೆ ಸಂದೇಶಕ್ಕಾಗಿ ಕಾಯುತ್ತದೆ, ಬಂದದ್ದಕ್ಕೆ ಉತ್ತರಿಸುತ್ತದೆ, ತನ್ನನ್ನೇ ಮತ್ತೆ ಕರೆದುಕೊಳ್ಳುತ್ತದೆ. ಹೀಗೇ ತಿಂಗಳುಗಟ್ಟಲೆ, ವರ್ಷಗಟ್ಟಲೆ. ಆ ಕೊನೆಯ ಕರೆಯ ಹಿಂದೆ ಒಂದೇ ಒಂದು ಬಾಕಿ ಕೆಲಸ ಉಳಿಸಿದ್ದರೂ ನೆನಪು ತುಂಬುತ್ತ ತುಂಬುತ್ತ ಒಂದು ದಿನ ಉಸಿರು ಕಟ್ಟುತ್ತದೆ.

ಎಲ್ಲ ಭಾಷೆಗಳೂ ಈ ಸೌಲಭ್ಯ ಕೊಡುವುದಿಲ್ಲ, ಇದು ಗೊತ್ತಿರಬೇಕು. ಪೈಥಾನ್ ಕೊಡುವುದಿಲ್ಲ, ನಾವಾಗಿ ಬದಲಾಯಿಸದಿದ್ದರೆ ಸಾವಿರ ಕರೆಯ ಆಳಕ್ಕೆ ಅದೇ ತಡೆಯುತ್ತದೆ. ಅದರ ಕರ್ತೃ ಗೀಡೋ ವಾನ್ ರಾಸಮ್ 2009ರಲ್ಲಿ ಕೊಡುವುದಿಲ್ಲ ಎಂದೇ ಬರೆದರು: ಹಳೆಯ ಚೀಟಿಗಳನ್ನು ಅಳಿಸಿಬಿಟ್ಟರೆ, ಏನಾದರೂ ಕೆಟ್ಟಾಗ ಯಾರು ಯಾರನ್ನು ಕರೆದು ಇಲ್ಲಿಗೆ ಬಂದೆವು ಎಂಬ ಜಾಡು ಸಿಗುವುದಿಲ್ಲ. ಒಪ್ಪತಕ್ಕ ಮಾತು. ಅಲ್ಲಿ ಲೂಪ್ ಬರೆಯುವುದೇ ಧರ್ಮ, ಯಾರೂ ನಿಮ್ಮ ಮಡಿ ಕೆಡಿಸುವುದಿಲ್ಲ. ಜಾವಾಸ್ಕ್ರಿಪ್ಟಿನ 2015ರ ನಿಯಮಾವಳಿಯಲ್ಲಿ ಬಾಲದ ಕರೆ ಸೇರಿತು. ಪ್ರಮುಖ ಬ್ರೌಸರುಗಳಲ್ಲಿ ಅದನ್ನು ಪಾಲಿಸಿದ್ದು ಸಫಾರಿ ಒಂದೇ. ಜಾವಾ ಯಂತ್ರವೂ ತಾನಾಗಿ ಮಾಡುವುದಿಲ್ಲ, ಹಾಗಾಗಿ ಅದರ ಮೇಲೆ ಕೂತ ಭಾಷೆಗಳು ತಮ್ಮ ತಮ್ಮ ದಾರಿ ಹುಡುಕಿಕೊಂಡಿವೆ. ಕ್ಲೋಜರ್‌ನಲ್ಲಿ ‘ರಿಕರ್’ ಎಂಬ ಪ್ರತ್ಯೇಕ ಪದ ಬಳಸಬೇಕು. ಸ್ಕಾಲಾದ ಕಂಪೈಲರು ಒಂದು ಫಂಕ್ಷನ್ ನೇರವಾಗಿ ತನ್ನನ್ನೇ ಬಾಲದಲ್ಲಿ ಕರೆದರೆ ಅದನ್ನು ಲೂಪಾಗಿ ತಿರುಗಿಸುತ್ತದೆ.

ಹುಡುಗ ಅದನ್ನೇ ಮಾಡಿದ. ಕಾಗದ ಒಂದನ್ನು ಕೈಯಲ್ಲಿ ಹಿಡಿಸಿದ. “ಈಗ ನೋಡು” ಎಂದ. ಮತ್ತೆ ಅದೇ ಮೂರು ಪದ! ಭಾನುವಾರ ಸಂಜೆ ಆರು ಗಂಟೆ. ಅವನ ಧ್ವನಿ ಸ್ವಲ್ಪ ಇಳಿದಿತ್ತು.

ಆಗ ಅವನಿಗೆ ನೆನಪಾದದ್ದು ಟೇಲ್‌ರೆಕ್ ಎಂಬ ಗುರುತು. 2010ರಲ್ಲಿ ಬಂದ ಸ್ಕಾಲಾ 2.8ರಿಂದ ಇದೆ. ಫಂಕ್ಷನ್ನಿನ ತಲೆಯ ಮೇಲೆ ಇದನ್ನು ಬರೆದರೆ, “ಇದು ಬಾಲದ ಕರೆ ಎಂದು ನಾನು ನಂಬಿದ್ದೇನೆ, ಅಲ್ಲದಿದ್ದರೆ ಮುಂದೆ ಹೋಗಲೇಬೇಡ” ಎಂದು ಕಂಪೈಲರಿಗೆ ಹೇಳಿದ ಹಾಗೆ. ಹಾಕಿದ ತಕ್ಷಣ ಕಂಪೈಲರು ಒಂದು ಸಾಲಿಗೆ ಬೆರಳು ತೋರಿಸಿ ನಿಂತಿತು. ಆ ಸಾಲು ಕಂಡದ್ದು ಹೀಗೆ: ಕೆಲವು ಸಾಲುಗಳಲ್ಲಿ ತಾರೀಖು ತಪ್ಪಾಗಿ ನಮೂದಾಗಿತ್ತು. ಅಂಥ ಸಾಲು ಸಿಕ್ಕರೆ ಪ್ರೋಗ್ರಾಮು ಬೀಳದಿರಲಿ ಎಂದು ಹುಡುಗ ಇಡೀ ಕೆಲಸವನ್ನು, ಮುಂದಿನ ಕರೆಯನ್ನೂ ಸೇರಿಸಿ, ‘ಪ್ರಯತ್ನಿಸು, ಎಡವಿದರೆ ಹಿಡಿ’ ಎಂಬ ಟ್ರೈ-ಕ್ಯಾಚ್ ಒಳಗೆ ಇಟ್ಟಿದ್ದ. ಎಡವಿದರೆ ಹಿಡಿಯಬೇಕಾದರೆ ಹಿಡಿಯುವವನು ನಿಂತಿರಬೇಕಲ್ಲ! ಕಾಗದ ಮುಂದೆ ಕೊಟ್ಟಿದ್ದಾರೆ ನಿಜ, ಆದರೆ ಚಹಾಕ್ಕೆ ಹೋಗುವ ಹಾಗಿಲ್ಲ. ಮುಂದೆ ಯಾರಾದರೂ ಬಿದ್ದರೆ ಎತ್ತಲು ತೊಂಬತ್ತೆರಡು ಸಾವಿರ ಜನ ಕೈ ಚಾಚಿಕೊಂಡು ನಿಂತಿದ್ದರು.

ಪರಿಹಾರ ಎರಡು ನಿಮಿಷದ್ದು. ತಾರೀಖು ಓದುವ ಭಾಗವನ್ನು ಬೇರೆ ಚಿಕ್ಕ ಫಂಕ್ಷನ್ ಮಾಡಿ, ಎಡವುವುದು ಹಿಡಿಯುವುದು ಎರಡನ್ನೂ ಅಲ್ಲೇ ಮುಗಿಸಿ, ಮುಂದಿನ ಕರೆಯನ್ನು ಆವರಣದಿಂದ ಹೊರಗೆ ತಂದ. ಕಂಪೈಲರು ಸುಮ್ಮನಾಯಿತು. ತೊಂಬತ್ತೆರಡು ಸಾವಿರ ಸಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಕಡ್ಡಿಯ ಉದ್ದ ಮತ್ತೆ ಮಾಮೂಲಿಗೆ.

ಈ ಗುರುತಿನ ಬಗ್ಗೆ ನನಗೆ ಬಹಳ ಗೌರವ ಬಂದಿದೆ. ಓಡುವಾಗ, ಅದೂ ದೊಡ್ಡ ಪಟ್ಟಿ ಬಂದಾಗ ಮಾತ್ರ, ಕಾಣುವ ರೋಗವನ್ನು ಬರೆಯುವಾಗಲೇ ಹಿಡಿದುಕೊಡುತ್ತದೆ. ಸ್ಕಾಲಾದಲ್ಲಿ ರಿಕರ್ಷನ್ ಬರೆಯುವ ನಮ್ಮ ಕೇಳುಗರು ಇದನ್ನು ಹಾಕದೆ ಬಿಟ್ಟಿದ್ದರೆ ದಯವಿಟ್ಟು ಇವತ್ತೇ ಹಾಕಿ.

ಇನ್ನೊಂದು ತಮಾಷೆ ಆಯಿತು. ಊರಿನ ಹೆಸರು ತಿದ್ದಿದ ಸಾಲುಗಳ ಪಟ್ಟಿಯೂ ಬೇಕಿತ್ತಲ್ಲ, ಅದು ತಿರುಗುಮುರುಗಾಗಿ ಬಂತು: ಈ ವರ್ಷದ ಸಂದೇಶ ಮೊದಲು, ಹಳೆಯ ಪೋಸ್ಟ್‌ಕಾರ್ಡು ಕೊನೆಗೆ. ಹೊತ್ತುಕೊಂಡು ಹೋಗುವ ಪಟ್ಟಿಗೆ ಒಂದೊಂದೇ ಸಾಲನ್ನು ತಲೆಯ ಕಡೆ ಸೇರಿಸುತ್ತ ಹೋದರೆ ಹಾಗೇ ಆಗುವುದು. “ಹಾಗಾದರೆ ಬಾಲಕ್ಕೆ ಸೇರಿಸು” ಎಂದೆ. “ಬೇಡ ದೊಡ್ಡಮ್ಮ, ಬಾಲಕ್ಕೆ ಸೇರಿಸಬೇಕಾದರೆ ಪ್ರತಿ ಸಲ ತಲೆಯಿಂದ ಬಾಲದವರೆಗೆ ನಡೆಯಬೇಕು.” ಲೆಕ್ಕ ಹಾಕಿದರೆ ನಮ್ಮ ಪಟ್ಟಿಗೆ ನಾನೂರು ಕೋಟಿಗೂ ಹೆಚ್ಚು ಹೆಜ್ಜೆ. ಎಲ್ಲ ಮುಗಿದ ಮೇಲೆ ಒಂದೇ ಸಲ ಪಟ್ಟಿಯನ್ನು ತಿರುಗಿಸಿದರೆ ತೊಂಬತ್ತೆರಡು ಸಾವಿರದಲ್ಲಿ ಮುಗಿಯುತ್ತದೆ. ಕೊಬ್ಬರಿ ಮಿಠಾಯಿ ತಟ್ಟೆಗೆ ಮಗುಚಿ ಹಾಕಿದ ಹಾಗೆ.

ಹ್ಯಾಸ್ಕೆಲ್ ಬರೆಯುವ ಕೇಳುಗರಿಗೆ ಒಂದು ಮಾತು. ಅಲ್ಲಿ ಕಾಗದ ಕೈಯಲ್ಲಿದ್ದರೂ ಮೋಸ ಹೋಗಬಹುದು. ಆ ಭಾಷೆ ಬೇಕಾಗುವವರೆಗೆ ಲೆಕ್ಕ ಮಾಡುವುದಿಲ್ಲ, ಕಾಗದದ ಮೇಲೆ ‘ಮೂರು’ ಎಂದು ಬರೆಯುವ ಬದಲು ‘ಒಂದಕ್ಕೆ ಒಂದು ಕೂಡಿಸಿ ಅದಕ್ಕೆ ಒಂದು ಕೂಡಿಸು’ ಎಂದು ಬರೆದಿಟ್ಟುಕೊಳ್ಳುತ್ತದೆ. ಕಿಟಕಿ ಮುಟ್ಟುವ ಹೊತ್ತಿಗೆ ಕಾಗದ ಮಾರುದ್ದ ಆಗಿರಬಹುದು. ಅದಕ್ಕೇ ಅಲ್ಲಿ ಪಟ್ಟಿಯನ್ನು ಎಡದಿಂದ ಮಡಿಸುವ ಫಂಕ್ಷನ್ನಿನಲ್ಲಿ ಸೋಮಾರಿ ಒಂದು, ಆಗಿಂದಾಗಲೇ ಕೂಡಿಸುವ ಕಟ್ಟುನಿಟ್ಟಿನದು ಒಂದು. ಎಣಿಕೆಗೆ ಎರಡನೆಯದೇ ಬೇಕು.

ಬಾಲವಿಲ್ಲದ ಪ್ರಶ್ನೆಗಳೂ ಇವೆ. ವಂಶವೃಕ್ಷ ಹಾಗೆ. ಒಬ್ಬರ ಮಕ್ಕಳನ್ನೆಲ್ಲ ಎಣಿಸಬೇಕು, ಆ ಮಕ್ಕಳ ಮಕ್ಕಳನ್ನೂ. ಹಿರಿಯ ಮಗನ ಶಾಖೆಗೆ ಹೋದರೆ ಕಿರಿಯವಳ ಶಾಖೆ ಬಾಕಿ ಉಳಿಯುತ್ತದೆ, ಏನು ಮಾಡಿದರೂ ನೆನಪಿಡಲೇಬೇಕು. ಇಪ್ಪತ್ತು ತಲೆಮಾರಿನ ವೃಕ್ಷವಾದರೆ ಯೋಚನೆ ಬೇಡ, ಆಳ ಇಪ್ಪತ್ತೇ. ಎಷ್ಟು ಆಳ ಎಂದು ಗೊತ್ತಿಲ್ಲದ ವೃಕ್ಷವಾದರೆ ‘ಇನ್ನೂ ನೋಡಬೇಕಾದವರು’ ಎಂಬ ಪಟ್ಟಿಯನ್ನು ನಾವೇ ಇಟ್ಟುಕೊಂಡು ಅದನ್ನೇ ಹೊತ್ತು ನಡೆಯಬೇಕು. ಆಗ ಬಾಕಿ ಗಲ್ಲೆಯ ಕಡ್ಡಿಯಲ್ಲಿ ಇರುವುದಿಲ್ಲ, ಗೋದಾಮಿನಲ್ಲಿ ಇರುತ್ತದೆ, ಅಲ್ಲಿ ಜಾಗ ಬೇಕಾದಷ್ಟು. ಎರಡು ಫಂಕ್ಷನ್ನುಗಳು ಒಂದನ್ನೊಂದು ಕರೆದುಕೊಳ್ಳುವಾಗ ಸ್ಕಾಲಾ ಕೈಬಿಡುತ್ತದೆ, ಅಲ್ಲಿಗೆ ಟ್ರ್ಯಾಂಪೊಲಿನ್ ಎಂಬ ಉಪಾಯ. ಯಾರೂ ಯಾರನ್ನೂ ನೇರವಾಗಿ ಕರೆಯುವುದಿಲ್ಲ, “ಮುಂದೆ ಅವರನ್ನು ಕೇಳಿ” ಎಂದು ಚೀಟಿ ಕೊಟ್ಟು ಕೆಲಸ ಮುಗಿಸುತ್ತಾರೆ, ಬಾಗಿಲಲ್ಲಿ ಕೂತ ಒಬ್ಬ ಜವಾನ ಚೀಟಿ ನೋಡಿ ನೋಡಿ ಓಡಾಡುತ್ತಾನೆ. ಸ್ವಲ್ಪ ನಿಧಾನ, ಆದರೆ ಬೀಳುವುದಿಲ್ಲ. ಸರ್ಕಾರಿ ಕಚೇರಿ ನೋಡಿದವರಿಗೆ ಹೆಚ್ಚು ವಿವರಣೆ ಬೇಡ.

ಒಂದು ಮಾತು ಹುಡುಗ ಒಪ್ಪಿಕೊಂಡ, ಕೊನೆಯಲ್ಲಿ. ಪಟ್ಟಿ ಎಣಿಸುವುದು, ಕೂಡಿಸುವುದು, ಆರಿಸುವುದು, ಇವಕ್ಕೆಲ್ಲ ಭಾಷೆಯ ಜೊತೆಗೇ ಸಿದ್ಧ ಫಂಕ್ಷನ್ನುಗಳು ಬರುತ್ತವೆ, ಒಳಗೆ ಈ ಎಚ್ಚರವನ್ನೆಲ್ಲ ವಹಿಸಿಯೇ ಬರೆದವು. ಅವನ್ನೇ ಬಳಸಿದ್ದರೆ ನಮಗೆ ಆ ಶನಿವಾರ ರಾತ್ರಿ ನಿದ್ದೆ ಕೆಡುತ್ತಿರಲಿಲ್ಲ. “ಮತ್ತೆ ನೀನು ಯಾಕೆ ಬಳಸಲಿಲ್ಲ?” ಎಂದೆ. “ಸ್ವಂತ ಬರೆದರೆ ಖುಷಿ” ಎಂದ. ಇಪ್ಪತ್ತನಾಲ್ಕು ವರ್ಷದ ಹುಡುಗ, ನಾನೇನು ಹೇಳಲಿ. ಆ ವಯಸ್ಸಿನಲ್ಲಿ ನಾನು ಇಡೀ ಕಾರ್ಯಕ್ರಮವನ್ನು ವಾರ್ಧಕ ಷಟ್ಪದಿಯಲ್ಲಿ ನಿರೂಪಿಸುತ್ತೇನೆ ಎಂದು ಹೊರಟವಳು.

ಸೋಮವಾರ ಬೆಳಿಗ್ಗೆ ಒಂದು ಪುಟ ಕೊಟ್ಟೆ. ಒಂದೊಂದು ಊರಿನ ಮುಂದೆಯೂ ಸಂಖ್ಯೆ. ಮೇಲಿನವರು ಕನ್ನಡಕ ಏರಿಸಿ ನೋಡಿದರು. “ಡೊಂಬಿವಲಿಯಿಂದ ಇಷ್ಟೊಂದಾ?” ಎಂದರು. ಆಮೇಲೆ, “ವಸಯಿಯಲ್ಲೂ ಕನ್ನಡದವರು ಇದ್ದಾರಾ?” ಎಂದರು. ಪುಟವನ್ನು ಕಡತಕ್ಕೆ ಸೇರಿಸಿ, ಆಯಿತು ಹೋಗಿ ಎಂದರು. ಎರಡು ವಾರ ಯಾವ ಸುದ್ದಿಯೂ ಇಲ್ಲ. ಮೂರನೆಯ ವಾರ ಮುಂದಿನ ತ್ರೈಮಾಸಿಕದ ವೇಳಾಪಟ್ಟಿ ಬಂತು, ನಮ್ಮ ಹೆಸರಿನ ಮುಂದೆ ಮೂವತ್ತು ನಿಮಿಷ ಎಂದೇ ಇತ್ತು.

ಗಡಿಯಾರ ನೋಡಿದರೆ ಅದರಲ್ಲಿ ನಾಲ್ಕು ನಿಮಿಷ ಉಳಿದಿದೆ. ವಸಯಿಯಿಂದ ಒಬ್ಬರು ಹೋದ ವಾರ ಕೇಳಿದ್ದ ಹಾಡು ಈಗ ಬರುತ್ತದೆ. ನಿಮ್ಮ ಕಾಗದಗಳಲ್ಲಿ ಊರಿನ ಹೆಸರನ್ನು ನಿಮಗೆ ತೋಚಿದ ಹಾಗೇ ಬರೆಯಿರಿ, ಪ್ರೋಗ್ರಾಮು ಈಗ ತಡೆದುಕೊಳ್ಳುತ್ತದೆ. ನಮಸ್ಕಾರ.